ಎಲ್ಲ ಸ್ಟಾಪಿಗೂ ನಿಲ್ಲುವ ಗಾಡಿ

ಬೆಟ್ಟದ ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಬಸ್ಸು ಓಡಿಸಿದ ಎಕ್ಸ್‌ಪ್ರೆಸ್ಸಮ್ಮ ತನ್ನ ಗಾಡಿಯಲ್ಲಿ ವಾಂತಿ ಮಾಡಿಕೊಂಡವರನ್ನು ಒಂದು ದಿನವೂ ಕ್ಷಮಿಸಿದವಳಲ್ಲ. ಮೂವತ್ತೊಂದು ತಿರುವಿನ ದಾರಿ ಅದು. ಹತ್ತನೇ ತಿರುವಿಗೆ ಒಬ್ಬರ ಮುಖ ಹುಳ್ಳಗಾಗುತ್ತಿತ್ತು, ಹದಿನೈದಕ್ಕೆ ಇನ್ನಿಬ್ಬರದು, ಇಪ್ಪತ್ತು ದಾಟುವಷ್ಟರಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳ ಶುರು. ಹಾಗಾಗಿ ಹೊರಡುವ ಮುಂಚೆಯೇ ಆಕೆ ಎದ್ದು ನಿಂತು, ಹಿಂದಕ್ಕೆ ತಿರುಗಿ, ಕೊನೇ ಸೀಟಿಗೂ ಕೇಳುವ ಹಾಗೆ ಹೇಳುತ್ತಿದ್ದಳು: “ಹೊಟ್ಟೆ ತುಂಬಿಸ್ಕೊಂಡು ಬಂದೋರು ಈಗಲೇ ಇಳ್ಕೊಳ್ಳಿ. ನಿಮ್ಮ ಹೊಟ್ಟೆ ತೊಳಸಿದ್ರೆ ನಾನು ಬಸ್ಸು ತೊಳೀಬೇಕಾಗುತ್ತೆ.” ಜನ ನಗುತ್ತಿದ್ದರು. ಆದರೆ ಬರಬರುತ್ತಾ ಆ ದಾರಿಯ ಪ್ರಯಾಣಿಕರೆಲ್ಲ ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತುವುದನ್ನು ಕಲಿತರು.

ಎಕ್ಸ್‌ಪ್ರೆಸ್ಸಮ್ಮ ಅನ್ನುವುದು ಡಿಪೋದವರು ಇಟ್ಟ ಹೆಸರು. ನಡುವೆ ಎಲ್ಲೂ ನಿಲ್ಲದ ಗಾಡಿ ಬಿಟ್ಟು ಬೇರೆಯದನ್ನು ಆಕೆ ಮುಟ್ಟುತ್ತಿರಲಿಲ್ಲ. ಮರಕ್ಕೊಂದು ಸ್ಟಾಪು, ಬಂಡೆಗೊಂದು ಸ್ಟಾಪು ಎಂದು ತೆವಳುತ್ತಾ ಹೋಗುವ ಗಾಡಿಗಳನ್ನು ಕಂಡರೆ ಮೂಗು ಮುರಿಯುತ್ತಿದ್ದಳು. ಮೇಲಧಿಕಾರಿಗಳಿಗೂ ಸೊಪ್ಪು ಹಾಕದ ಹೆಂಗಸು. ಅವಳಿಗೆ ಸಿಟ್ಟು ಬಂದರೆ ಬಸ್ಸಿಗಿಂತ ಮುಂಚೆ ಅವಳ ಮಾತೇ ಬೆಟ್ಟ ಹತ್ತಿರುತ್ತಿತ್ತು.

ಆ ಎಕ್ಸ್‌ಪ್ರೆಸ್ಸಮ್ಮ ಈಗ ಐವತ್ತಾರನೇ ವಯಸ್ಸಿನಲ್ಲಿ ಬಚ್ಚಲಮನೆಯ ತಣ್ಣನೆಯ ನೆಲದ ಮೇಲೆ ಕೂತು ನೀಲಿ ಬಕೆಟ್ಟನ್ನು ತಬ್ಬಿಕೊಂಡಿದ್ದಳು. ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ. ಮೂರು ವಾರಕ್ಕೊಮ್ಮೆ ಆಸ್ಪತ್ರೆಯ ಕುರ್ಚಿಯಲ್ಲಿ ಕೂರಿಸಿ ನರಕ್ಕೆ ಮದ್ದು ಇಳಿಸುತ್ತಿದ್ದರು. ಒಟ್ಟು ಆರು ಸಲ, ಅದರಲ್ಲಿ ಮೂರು ಮುಗಿದಿತ್ತು. ಗಡ್ಡೆ ಕರಗುತ್ತಿದೆ ಎಂದು ಸ್ಕ್ಯಾನ್ ಮಾಡಿ ತೋರಿಸಿದ್ದರು. ಅದರ ಜೊತೆಗೆ ಇವಳೂ ಕರಗುತ್ತಿದ್ದಾಳೆ ಎಂಬುದಕ್ಕೆ ಯಾವ ಸ್ಕ್ಯಾನೂ ಬೇಕಿರಲಿಲ್ಲ. ವಾಕರಿಕೆಗೆಂದು ಕೊಟ್ಟ ಮಾತ್ರೆ ಎದೆಬಡಿತದ ಲಯ ತಪ್ಪಿಸಿತು, ಅದರ ಬದಲು ಕೊಟ್ಟದ್ದೂ ಅದೇ ಘನಕಾರ್ಯ ಮಾಡಿತು. ಹೃದಯ ಕೈಕೊಟ್ಟರೆ ಎಲ್ಲ ಕೆಡುತ್ತದೆ, ಸದ್ಯಕ್ಕೆ ವಾಕರಿಕೆಯ ಮಾತ್ರೆಯೇ ಬೇಡ, ಬೇರೆ ರೀತಿಯಲ್ಲಿ ನಿಭಾಯಿಸೋಣ ಎಂದರು ಡಾಕ್ಟರು. ಆ ಬೇರೆ ರೀತಿ ಏನು ಎಂದು ಬಕೆಟ್ಟಿಗಂತೂ ಗೊತ್ತಿರಲಿಲ್ಲ.

ಮೂರನೇ ಮದ್ದಾಗಿ ಒಂಬತ್ತು ದಿನಕ್ಕೆ ತೂಕ ನೋಡಿದಾಗ ಮುಳ್ಳು ನಲವತ್ತನಾಲ್ಕು ಕಿಲೋ ನಾನೂರು ಗ್ರಾಂ ತೋರಿಸಿತು. ಡಾಕ್ಟರು ತೆಳ್ಳಗಿನ ಹುಡುಗಿ, ವಯಸ್ಸು ಎಕ್ಸ್‌ಪ್ರೆಸ್ಸಮ್ಮನ ಸರ್ವೀಸಿಗಿಂತ ಐದಾರು ವರ್ಷ ಹೆಚ್ಚಿರಬಹುದು. ಅವಳು ಮಾತನ್ನು ಸುತ್ತಿ ಬಳಸಿ ಹೇಳಲಿಲ್ಲ. ಇನ್ನು ಹನ್ನೆರಡು ದಿನಕ್ಕೆ ನಾಲ್ಕನೇ ಮದ್ದು. ಅಷ್ಟರಲ್ಲಿ ನಲವತ್ತೈದಕ್ಕೆ ಬರದಿದ್ದರೆ ಮೈ ಅದನ್ನು ತಡೆಯುವುದಿಲ್ಲ, ಮುಂದೂಡಬೇಕಾಗುತ್ತದೆ.

“ಮುಂದೂಡಿದ್ರೆ ಏನಾಗುತ್ತೆ?” ಎಂದಳು ಎಕ್ಸ್‌ಪ್ರೆಸ್ಸಮ್ಮ.

“ನೀವು ನಿಂತ್ರೆ ಗಡ್ಡೆ ನಿಲ್ಲಲ್ಲ ಅಮ್ಮಾ. ಅದು ಮತ್ತೆ ಬೆಳೆಯೋಕೆ ಶುರು ಮಾಡುತ್ತೆ.”

ಎಕ್ಸ್‌ಪ್ರೆಸ್ಸಮ್ಮನಿಗೆ ಹೆದರಿಕೆಯಾಯಿತು. ಹಾಗೆಂದು ಮುಖದಲ್ಲಿ ತೋರಿಸಿಕೊಳ್ಳುವವಳಲ್ಲ. ಸರಿ, ನಲವತ್ತೈದು ತಾನೇ, ಬರೆದಿಟ್ಟುಕೊಳ್ಳಿ ಎಂದು ಎದ್ದಳು. ಎದ್ದವಳಿಗೆ ಆಸ್ಪತ್ರೆಯ ಫಿನಾಯಿಲ್ ವಾಸನೆ ಮೂಗಿಗೆ ಹೊಡೆದು, ಬಾಗಿಲವರೆಗೂ ಹೋಗಲಾಗದೆ ಕೈತೊಳೆಯುವ ಬೇಸಿನ್ನಿಗೆ ತಲೆ ಬಗ್ಗಿಸಿದಳು. ಬಂದದ್ದು ಬರೀ ಹಳದಿ ನೀರು.

ಬೆನ್ನು ನೀವುತ್ತಾ ನಿಂತವಳು ಮದ್ದಿನ ವಾರ್ಡಿನ ಹಿರಿಯ ನರ್ಸು. ಬೆಳಗ್ಗೆಯಿಂದ ಏನು ತಿಂದಿದ್ದೀರಿ ಎಂದು ಕೇಳಿದಳು. ಏನೂ ಇಲ್ಲ ಎಂದು ಎಕ್ಸ್‌ಪ್ರೆಸ್ಸಮ್ಮ ಹೆಮ್ಮೆಯಿಂದಲೇ ಹೇಳಿದಳು. ಆಸ್ಪತ್ರೆಗೆ ಬರುವ ದಿನ ತೊಟ್ಟು ನೀರೂ ಮುಟ್ಟುವುದಿಲ್ಲ, ಮದ್ದು ಹಾಕಿಸಿಕೊಂಡ ಮೇಲೆ ಮೂರು ದಿನ ಹೊಟ್ಟೆಯನ್ನು ಖಾಲಿ ಇಡುತ್ತೇನೆ, ಒಳಗೆ ಏನಾದರೂ ಇದ್ದರೆ ತಾನೇ ಹೊರಗೆ ಬರುವುದು ಎಂದು ತನ್ನ ಲೆಕ್ಕಾಚಾರವನ್ನೂ ವಿವರಿಸಿದಳು.

ನರ್ಸು ಅವಳ ಮುಖವನ್ನೇ ನೋಡಿದಳು. “ನಿಮ್ಮ ಬಸ್ಸಲ್ಲಿ ಆರು ವರ್ಷ ಓಡಾಡಿದೀನಿ ನಾನು. ನಿಮ್ಮ ಮಾತು ಕೇಳಿ ಖಾಲಿ ಹೊಟ್ಟೇಲೇ ಬರ್ತಿದ್ದೆ. ಆದ್ರೂ ಎಷ್ಟೋ ಸಲ ಕಿಟಕಿಯಿಂದ ತಲೆ ಹೊರಗೆ ಹಾಕಿದೀನಿ. ಖಾಲಿ ಹೊಟ್ಟೆಯಿಂದ ಒಳ್ಳೇದಾಗ್ತಿದ್ದಿದ್ದು ನಿಮ್ಮ ಬಸ್ಸಿಗೆ ಅಮ್ಮಾ, ನಮ್ಮ ಹೊಟ್ಟೆಗಲ್ಲ.”

ಇಪ್ಪತ್ತೆಂಟು ವರ್ಷದಲ್ಲಿ ಯಾವ ಪ್ರಯಾಣಿಕರೂ ಎಕ್ಸ್‌ಪ್ರೆಸ್ಸಮ್ಮನಿಗೆ ಹೀಗೆ ಎದುರಾಡಿರಲಿಲ್ಲ. ಬೈಯಲು ಬಾಯಿ ತೆರೆದವಳು ಮತ್ತೆ ಬೇಸಿನ್ನಿಗೇ ಬಗ್ಗಬೇಕಾಯಿತು. ನರ್ಸು ಅದೇ ಸಂದು ನೋಡಿ ಹೇಳಬೇಕಾದ್ದನ್ನೆಲ್ಲ ಹೇಳಿಬಿಟ್ಟಳು. ಖಾಲಿ ಹೊಟ್ಟೆ ಹೆಚ್ಚು ತೊಳಸುತ್ತದೆ. ತುಂಬಿದ ಹೊಟ್ಟೆಯೂ ಅಷ್ಟೇ. ಹಾಗಾಗಿ ಎರಡೆರಡೇ ತುತ್ತು, ಹಸಿವಾಗಲು ಬಿಡದೆ, ದಿನವಿಡೀ. ಬಿಸಿ ಊಟದ ಹಬೆಯಲ್ಲಿ ವಾಸನೆ ಏಳುತ್ತದೆ, ಆರಿಸಿ ತಿನ್ನಿ. ತಿಂದ ಕೂಡಲೇ ಮಲಗಬೇಡಿ. ನೀರನ್ನು ಊಟದ ಜೊತೆ ಗಟಗಟ ಕುಡಿಯದೆ ಮಧ್ಯೆ ಮಧ್ಯೆ ಗುಟುಕರಿಸಿ. ಹೊಟ್ಟೆಯಿಂದ ಅಲೆ ಎದ್ದಾಗ ಮಣಿಕಟ್ಟಿನ ಒಳಬದಿಯಲ್ಲಿ, ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಬಿಟ್ಟು, ಎರಡು ನರಗಳ ನಡುವೆ ಒತ್ತಿ ಹಿಡಿದು, ಉಸಿರನ್ನು ನಿಧಾನವಾಗಿ ಬಿಡಿ. ಕೆಲವರಿಗೆ ಇದು ನಾಟುತ್ತದೆ, ಕೆಲವರಿಗೆ ಇಲ್ಲ, ಮಾಡಿ ನೋಡಬೇಕಷ್ಟೇ ಎಂದಳು.

ಮನೆಗೆ ಬರುವ ದಾರಿಯಲ್ಲಿ ಎಕ್ಸ್‌ಪ್ರೆಸ್ಸಮ್ಮ ಮುಖ ಊದಿಸಿಕೊಂಡು ಕೂತಿದ್ದಳು. ನರ್ಸಿನ ಮೇಲಿನ ಸಿಟ್ಟು ಅರ್ಧ ದಾರಿಗೇ ಇಳಿಯಿತು. ಉಳಿದ ಅರ್ಧ ದಾರಿ ಅವಳಿಗೆ ತನ್ನ ಪ್ರಯಾಣಿಕರು ನೆನಪಾದರು: ಖಾಲಿ ಹೊಟ್ಟೆ ಹಿಡಿದುಕೊಂಡು, ಬೆವೆತು, ಕಣ್ಣು ಮುಚ್ಚಿ, ಅವಳ ಬೈಗುಳಕ್ಕೆ ಹೆದರಿ ಬಾಯಿ ಬಿಗಿದುಕೊಂಡಿದ್ದವರು. ತಾನು ಜೀವಮಾನವಿಡೀ ಬಸ್ಸಿನ ನೆಲವನ್ನು ಕಾಪಾಡಿದೆನೇ ಹೊರತು ಅವರನ್ನಲ್ಲ. ನಾಚಿಕೆಯಾಯಿತು ಅವಳಿಗೆ, ಸುಳ್ಳೇಕೆ. ಆದರೆ ನಾಚಿಕೆ ಇಟ್ಟುಕೊಂಡು ಕೂರಲು ಪುರುಸೊತ್ತಿರಲಿಲ್ಲ, ಇದ್ದದ್ದು ಹನ್ನೆರಡೇ ದಿನ.

ಮನೆಯಲ್ಲಿದ್ದದ್ದು ಅವಳೂ ಅವಳ ಅಕ್ಕನೂ. ಅಕ್ಕ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ನಾನೂರು ಜನಕ್ಕೆ ಅಡುಗೆ ಮಾಡುವವಳು. ಎರಡು ತುತ್ತು ಎಂಬ ಅಳತೆ ಆಕೆಯ ಕೈಗೆ ಗೊತ್ತಿಲ್ಲ. ತಂಗಿಗೆ ಕಾಯಿಲೆ ಬಂದಾಗಿನಿಂದ ಆಕೆಯ ಪ್ರೀತಿಯೆಲ್ಲ ತಟ್ಟೆಯಲ್ಲಿ ರಾಶಿ ಬೀಳುತ್ತಿತ್ತು. ಹೊಗೆಯಾಡುವ ಊಟ ತಂದು ಎದುರಿಗಿಟ್ಟು, ತಿನ್ನು ಕಣೇ, ಇನ್ನೊಂದು ತುತ್ತು, ನನ್ನಾಣೆ ಎಂದು ಕಾಡುವುದು, ಇವಳು ತಟ್ಟೆ ನೋಡಿಯೇ ಬಚ್ಚಲಿಗೆ ಓಡುವುದು, ಆಕೆ ಅಡುಗೆಮನೆಯಲ್ಲಿ ಮೂಗು ಒರೆಸಿಕೊಳ್ಳುವುದು. ಎರಡು ತಿಂಗಳಿಂದ ಇದೇ ನಡೆದಿತ್ತು.

ಆ ಸಂಜೆ ಎಕ್ಸ್‌ಪ್ರೆಸ್ಸಮ್ಮ ಒಂದು ಹಾಳೆ ತೆಗೆದುಕೊಂಡು ಡಿಪೋದಲ್ಲಿ ಬರೆಯುತ್ತಿದ್ದಂತೆಯೇ ಟ್ರಿಪ್ ಶೀಟು ಬರೆದಳು. ಬೆಳಗ್ಗೆ ಆರಕ್ಕೆ ಹಾಸಿಗೆಯಿಂದ ಏಳುವ ಮುಂಚೆ ಒಣ ಬ್ರೆಡ್ಡು, ಅರ್ಧ ತುಂಡು. ಆರೂ ನಲವತ್ತಕ್ಕೆ ಐದು ಗುಟುಕು ನೀರು. ಏಳೂ ಇಪ್ಪತ್ತಕ್ಕೆ ಬೇಯಿಸಿ ಆರಿಸಿದ ಆಲೂಗಡ್ಡೆ, ಎರಡು ತುತ್ತು. ಹೀಗೆ ನಲವತ್ತು ನಿಮಿಷಕ್ಕೊಂದರಂತೆ ದಿನಕ್ಕೆ ಇಪ್ಪತ್ತೆರಡು ಸ್ಟಾಪು. ಅವಕ್ಕೆಲ್ಲ ಹೆಸರನ್ನೂ ಇಟ್ಟಳು. ಒಂಟಿ ಮರ, ಮುರುಕು ಸೇತುವೆ, ಕುಂಟನ ಬಂಡೆ, ಹಾಳು ಗಿರಣಿ. ಎಲ್ಲವೂ ಆ ಬೆಟ್ಟದ ದಾರಿಯಲ್ಲಿ ಜನ ನಿಂತು ಕೈ ತೋರಿಸುತ್ತಿದ್ದ, ತಾನು ಧೂಳೆಬ್ಬಿಸಿಕೊಂಡು ದಾಟಿ ಹೋಗುತ್ತಿದ್ದ ಜಾಗಗಳು.

“ಇದೇನಿದು?” ಎಂದಳು ಅಕ್ಕ.

“ಇವತ್ತಿಂದ ನಾನು ಎಲ್ಲಾ ಸ್ಟಾಪಿಗೂ ನಿಲ್ಲೋ ಗಾಡಿ. ಬಿಸಿ ಊಟಕ್ಕೆ ಇಲ್ಲಿ ಸ್ಟಾಪ್ ಇಲ್ಲ.”

ಅಕ್ಕನಿಗೆ ಇದು ಹಿಡಿಸಲಿಲ್ಲ. ಆರಿದ್ದು ತಿನ್ನೋಕೆ ನಾವೇನು ಗತಿಗೆಟ್ಟಿದ್ದೀವಾ ಎಂದಳು. ಎರಡು ತುತ್ತಿಗೆ ಯಾರಾದರೂ ಪಾತ್ರೆ ತೊಳೀತಾರಾ ಎಂದಳು. ಎಕ್ಸ್‌ಪ್ರೆಸ್ಸಮ್ಮ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಒಗ್ಗರಣೆ, ಹುರಿಯುವುದು, ಕುದಿಸುವುದು ಎಲ್ಲ ಕ್ಯಾಂಟೀನಿನಲ್ಲೇ ಮುಗಿಯಬೇಕು, ಮನೆಗೆ ಬರುವುದು ತಣ್ಣಗಿರಬೇಕು, ಕಿಟಕಿಗಳು ತೆರೆದಿರಬೇಕು. ಡಿಪೋ ಮ್ಯಾನೇಜರಿಗಿಂತ ಜೋರಾಯಿತು ಅವಳ ಆಡಳಿತ.

ಮೊದಲ ದಿನ ಇಪ್ಪತ್ತೆರಡರಲ್ಲಿ ಒಂಬತ್ತು ಸ್ಟಾಪಿನ ತುತ್ತುಗಳು ಒಳಗೆ ನಿಂತವು. ಉಳಿದ ಹದಿಮೂರಕ್ಕೆ ಗಾಡಿ ಬಚ್ಚಲಿಗೆ ತಿರುಗಿತು. ಎರಡನೇ ದಿನ ಹನ್ನೊಂದು. ಅಲೆ ಎದ್ದಾಗಲೆಲ್ಲ ಅವಳು ಮಣಿಕಟ್ಟು ಒತ್ತಿಕೊಂಡು ಕಿಟಕಿಯಲ್ಲಿ ನಿಂತು, ದೂರದ ನೀರಿನ ಟ್ಯಾಂಕಿನ ಮೇಲೆ ಕಣ್ಣು ನೆಟ್ಟು, ಹಲ್ಲಿನ ಸಂದಿಯಿಂದ ಉಸಿರು ಬಿಡುತ್ತಿದ್ದಳು. ವಾಕರಿಕೆಗೆ ಬೈಯುತ್ತಲೂ ಇದ್ದಳು. ಬಾ, ಎಷ್ಟು ಬರ್ತೀಯೋ ಬಾ, ನಿನ್ನಂಥೋರನ್ನ ಎಷ್ಟು ಜನ ನೋಡಿಲ್ಲ ನಾನು ಎಂದು, ಟಿಕೆಟ್ಟಿಲ್ಲದೆ ಹತ್ತಿದವರ ಜೊತೆ ಮಾತಾಡುವ ಹಾಗೆ. ಅದು ಒಮ್ಮೊಮ್ಮೆ ಇಳಿದು ಹೋಗುತ್ತಿತ್ತು, ಒಮ್ಮೊಮ್ಮೆ ಇಲ್ಲ. ಬಕೆಟ್ಟಿನಿಂದ ಎದ್ದ ಮೇಲೆ ಬಾಯಿ ಮುಕ್ಕಳಿಸಿ, ಗಡಿಯಾರ ನೋಡಿ, ಮುಂದಿನ ಸ್ಟಾಪಿಗೆ ಸರಿಯಾಗಿ ಬಂದು ಕೂರುತ್ತಿದ್ದಳು. ಹಿಂದಿನ ಸ್ಟಾಪಿನಲ್ಲಿ ಏನಾಯಿತು ಎಂಬ ವಿಚಾರಣೆಯೇ ಇಲ್ಲ.

ಐದನೇ ದಿನ ಆಲೂಗಡ್ಡೆ ಉಗುರುಬೆಚ್ಚಗಿತ್ತು. ಅಕ್ಕ ಕದ್ದು ಬಿಸಿ ಮಾಡಿದ್ದಳು, ಮೇಲೊಂದಿಷ್ಟು ಬೆಣ್ಣೆಯನ್ನೂ ಹಾಕಿದ್ದಳು. ಬೆಣ್ಣೆಯ ವಾಸನೆಗೆ ಎಕ್ಸ್‌ಪ್ರೆಸ್ಸಮ್ಮ ಆ ದಿನ ತಿಂದದ್ದೆಲ್ಲವನ್ನೂ ಕಳೆದುಕೊಂಡಳು. ಬಚ್ಚಲಿಂದ ಹೊರಗೆ ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು, ಅಕ್ಕನಿಗೆ ಹೇಳಿದಳು: “ನೀನು ನನಗೆ ಉಣಿಸ್ತಿಲ್ಲ ಅಕ್ಕ. ನಿನ್ನ ಹೆದರಿಕೆಗೆ ಉಣಿಸ್ತಿದೀಯ.”

ಅಕ್ಕ ಕ್ಯಾಂಟೀನಿನ ಏಪ್ರನ್ನನ್ನು ಬಿಚ್ಚಿ, ಮಡಿಸಿ, ಮತ್ತೆ ಬಿಚ್ಚಿ ಮಡಿಸಿದಳು. ಮಾರನೇ ದಿನದಿಂದ ಎಲ್ಲವೂ ತಣ್ಣಗೇ ಬಂತು. ತುತ್ತಿಗೆ ತಕ್ಕ ಸಣ್ಣ ಡಬ್ಬಿಗಳು, ಒಂದರಲ್ಲಿ ಮೊಸರು, ಒಂದರಲ್ಲಿ ಬೇಯಿಸಿದ ಮೊಟ್ಟೆಯ ಕಾಲು ಭಾಗ, ಒಂದರಲ್ಲಿ ಹೆಚ್ಚಿದ ಬಾಳೆಹಣ್ಣು. ನಾನೂರು ಜನಕ್ಕೆ ಬಡಿಸುವ ಕೈ ಒಬ್ಬಳ ಎರಡು ತುತ್ತನ್ನು ಅಳೆಯಲು ಕಲಿಯಿತು. ಆದರೆ ಆಕೆಯ ಮುಖದ ಮೇಲಿನ ಹೆದರಿಕೆ ಇಳಿಯಲಿಲ್ಲ. ಇಷ್ಟಿಷ್ಟು ತಿಂದರೆ ನಲವತ್ತೈದು ಯಾವಾಗ ಆಗೋದು ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಳು. ಮನೆಯಲ್ಲಿ ತೂಕದ ಯಂತ್ರ ಇರಲಿಲ್ಲ, ತರುವುದಕ್ಕೆ ಎಕ್ಸ್‌ಪ್ರೆಸ್ಸಮ್ಮ ಬಿಡಲೂ ಇಲ್ಲ. ಹತ್ತನೇ ದಿನಕ್ಕೆ ಹದಿನೆಂಟು ಸ್ಟಾಪು ನಿಂತವು.

ಹನ್ನೆರಡನೇ ದಿನ ಬೆಳಗ್ಗೆ ಚಳಿ ಇದೆ ಎಂದು ಅಕ್ಕ ತನ್ನ ದಪ್ಪ ಕೋಟನ್ನು ತಂಗಿಗೆ ಹೊದಿಸಿದಳು. ಅಷ್ಟೇನೂ ಚಳಿ ಇರಲಿಲ್ಲ. ಆದರೂ ಹಾಕಿಕೊಂಡಳು, ಬೆಳಬೆಳಗ್ಗೆ ಜಗಳ ಯಾಕೆಂದು. ಆಸ್ಪತ್ರೆಯಲ್ಲಿ ಹಿರಿಯ ನರ್ಸು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಮುಳ್ಳು ನೋಡಿ, ಮುಖ ಅರಳಿಸಿ, ನಲವತ್ತೈದು ಏಳುನೂರು ಎಂದಳು. ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಎಕ್ಸ್‌ಪ್ರೆಸ್ಸಮ್ಮ ಇಳಿಯಲಿಲ್ಲ. ಕ್ಲಚ್ ಬಿಡುವಾಗಲೇ ಗಾಡಿಯಲ್ಲಿ ಮೂವತ್ತು ಜನ ಇದ್ದಾರೋ ಐವತ್ತೋ ಎಂದು ಕಾಲಿನಲ್ಲೇ ಹೇಳುತ್ತಿದ್ದವಳು ಆಕೆ. ಈ ಭಾರ ತನ್ನದಲ್ಲ ಎಂದು ಅವಳ ಕಾಲು ಹೇಳಿತು. ಕೋಟಿನ ಅಂಚಿಗೆ ಕೈ ಹಾಕಿದಳು. ಒಳಬಟ್ಟೆಯ ಹೊಲಿಗೆ ಹೊಸದು. ಅದರೊಳಗೆ ಗುಂಡಗೆ, ಗಟ್ಟಿಯಾಗಿ, ಎಡಕ್ಕೊಂದು ಬಲಕ್ಕೊಂದು. ಕೋಟು ಬಿಚ್ಚಿ ಕುರ್ಚಿಯ ಮೇಲೆ ಹಾಕಿದಾಗ ಬಟ್ಟೆ ಮಾಡಬಾರದ ಸದ್ದು ಮಾಡಿತು. ಕ್ಯಾಂಟೀನಿನಲ್ಲಿ ತರಕಾರಿ ತೂಗುವ ಕಬ್ಬಿಣದ ತೂಕದ ಬಟ್ಟುಗಳು ಅವು.

ನರ್ಸು ಕುರ್ಚಿಯನ್ನೂ ಅಕ್ಕನನ್ನೂ ನೋಡಿದಳು. ಅಕ್ಕ ಗೋಡೆ ನೋಡಿದಳು.

ಬಟ್ಟೆ ಚಪ್ಪಲಿಯಷ್ಟರಲ್ಲೇ ಎಕ್ಸ್‌ಪ್ರೆಸ್ಸಮ್ಮ ಮತ್ತೆ ನಿಂತಳು. ಮುಳ್ಳು ನಡುಗಿ ನಡುಗಿ ನಲವತ್ತನಾಲ್ಕು ಏಳುನೂರಕ್ಕೆ ನಿಂತಿತು. ಇನ್ನು ಮುನ್ನೂರು ಗ್ರಾಂ. ಒಂದು ದೊಡ್ಡ ಲೋಟ ನೀರಿನಷ್ಟು.

“ನಿನಗೇನು ತಲೆ ಕೆಟ್ಟಿದೆಯಾ?” ಅಕ್ಕನ ದನಿ ಒಡೆಯಿತು. “ಸುಮ್ನೆ ಇಳಿದುಬಿಟ್ಟಿದ್ರೆ ಆಗ್ತಿರಲಿಲ್ವಾ? ಬದುಕೋ ಆಸೆ ಇಲ್ವಾ ನಿನಗೆ?”

“ಆಸೆ ಇರೋದಕ್ಕೇ ಬಿಚ್ಚಿದ್ದು. ಮದ್ದು ಅಳೆಯೋದು ತೂಕ ನೋಡಿ. ನಿನ್ನ ಕಬ್ಬಿಣದ ಪಾಲಿನ ಮದ್ದನ್ನ ಯಾರು ತಡ್ಕೋಬೇಕು, ನನ್ನ ಎದೆ ತಾನೇ?”

ಅಕ್ಕ ಅಲ್ಲೇ ಕೂತುಬಿಟ್ಟಳು, ಆ ಕೋಟಿನ ಮೇಲೆಯೇ. ಆಕೆಗೆ ಇದು ಹೊಳೆದೇ ಇರಲಿಲ್ಲ. ಮುಳ್ಳನ್ನು ಮುಂದಕ್ಕೆ ತಳ್ಳಿದರೆ ತಂಗಿ ಉಳಿಯುತ್ತಾಳೆ ಎಂದಷ್ಟೇ ಆಕೆಗೆ ಗೊತ್ತಿದ್ದದ್ದು. ಎಕ್ಸ್‌ಪ್ರೆಸ್ಸಮ್ಮನಿಗೆ ಕೆನ್ನೆಗೆ ಎರಡು ಬಿಡಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಪುರುಸೊತ್ತಿರಲಿಲ್ಲ, ಡಾಕ್ಟರು ಒಳಗೆ ಬಂದಿದ್ದಳು.

ತೂಕ ಬರೆದ ಚೀಟಿ ನೋಡಿ ಡಾಕ್ಟರು ನಿಟ್ಟುಸಿರು ಬಿಟ್ಟಳು. ಇನ್ನು ಹತ್ತು ದಿನ ನೋಡೋಣ ಎಂದು ಪೆನ್ನು ತೆಗೆದಳು.

“ಬರೀಬೇಡಿ,” ಎಂದಳು ಎಕ್ಸ್‌ಪ್ರೆಸ್ಸಮ್ಮ. “ಹೋದ ಸಲ ನಾನೂರು, ಈ ಸಲ ಏಳುನೂರು. ಎರಡು ತಿಂಗಳಿಂದ ಇಳಿಜಾರಲ್ಲಿ ಹೋಗ್ತಿದ್ದ ಗಾಡಿ ಇದು. ಒಂದು ಮಾತ್ರೆನೂ ಇಲ್ಲದೆ ತಿರುಗಿಸಿ ಹತ್ತಿಸಿದೀನಿ. ಏರಲ್ಲಿ ಗಾಡಿ ನಿಲ್ಲಿಸಿದ್ರೆ ಏನಾಗುತ್ತೆ ಅಂತ ನನಗೆ ಗೊತ್ತು. ಹಿಂದಕ್ಕೆ ಜಾರುತ್ತೆ.”

ಡಾಕ್ಟರು ಪೆನ್ನನ್ನು ಅರ್ಧದಲ್ಲೇ ಹಿಡಿದು, ಮುನ್ನೂರು ಗ್ರಾಮಿಗಾಗಿ ತಾನು ಹಠ ಮಾಡುತ್ತಿಲ್ಲ ಎಂದಳು. ತನ್ನ ಭಯ ಬೇರೆ. ಈ ವಾರ್ಡಿಗೆ ಕಾಲಿಟ್ಟರೆ ಸೂಜಿ ಚುಚ್ಚುವ ಮುಂಚೆಯೇ ನಿಮಗೆ ವಾಂತಿಯಾಗುತ್ತದೆ, ಆಮೇಲೆ ನಾಲ್ಕು ದಿನ ಒಂದು ಹನಿ ಒಳಗೆ ನಿಲ್ಲುವುದಿಲ್ಲ, ಈ ಸಲ ಅಷ್ಟು ಬಸಿದುಹೋದರೆ ನಿಮ್ಮನ್ನು ಮತ್ತೆ ಎಬ್ಬಿಸುವುದು ನನ್ನ ಕೈಲಿ ಆಗುವುದಿಲ್ಲ ಎಂದು ಬಿಡಿಸಿ ಹೇಳಿದಳು. ಹೇಳುವಾಗ ಆ ಹುಡುಗಿಯ ಕಣ್ಣು ಕೆಳಗಿತ್ತು.

“ಅಂದ್ರೆ ನಾನು ಇಲ್ಲಿ ತಿಂದು ದಕ್ಕಿಸ್ಕೋಬೇಕು. ಅಷ್ಟೇ ತಾನೇ?”

ಉತ್ತರಕ್ಕೆ ಕಾಯದೆ ಎಕ್ಸ್‌ಪ್ರೆಸ್ಸಮ್ಮ ಮದ್ದಿನ ವಾರ್ಡಿಗೆ ನಡೆದಳು. ಆ ವಾಸನೆ, ಆ ಹಸಿರು ಪರದೆ, ಕೊಕ್ಕೆಗೆ ನೇತುಬಿದ್ದ ಚೀಲಗಳು. ಬಾಗಿಲಲ್ಲೇ ಬಾಯಲ್ಲಿ ನೀರೂರಿತು, ನಾಲಗೆಯ ಬುಡ ಕಹಿಯಾಯಿತು. ತನ್ನ ಎಂದಿನ ಕುರ್ಚಿಯನ್ನು ನೋಡಿದರೆ ಸಾಕು, ಹೊಟ್ಟೆಗೆ ಎಲ್ಲ ನೆನಪಾಗುತ್ತಿತ್ತು. ಅದನ್ನು ದಾಟಿ ಕಿಟಕಿಯ ಪಕ್ಕದ ಬೇರೆ ಕುರ್ಚಿಯಲ್ಲಿ ಕೂತಳು. ನರ್ಸು ಕೇಳದೆಯೇ ಕಿಟಕಿ ತೆರೆದಳು. ಅಕ್ಕ ಚೀಲದಿಂದ ಸಣ್ಣ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ತಂಗಿಯ ಮಡಿಲಲ್ಲಿಟ್ಟು, ಬಾಯಿಗೆ ಬೀಗ ಹಾಕಿಕೊಂಡು ದೂರ ನಿಂತಳು. ತಿನ್ನು ಎಂದು ಆಕೆ ಅನ್ನದೇ ಇದ್ದದ್ದು ಅಂದೇ ಮೊದಲು.

ಮೊದಲ ತುತ್ತು ಗಂಟಲಲ್ಲಿ ನಿಂತಿತು. ಮಣಿಕಟ್ಟು ಒತ್ತಿದಳು, ಉಸಿರು ಬಿಟ್ಟಳು, ಅದು ಇಳಿಯಿತು. ಎರಡನೆಯದು ಅರ್ಧ ದಾರಿ ಇಳಿದು ಮೇಲಕ್ಕೆ ಹೊರಟಿತು. ಬೆವರಿತು ಅವಳಿಗೆ, ಕಣ್ಣಲ್ಲಿ ನೀರು ಬಂತು. ಹೋಗು ಒಳಗೆ, ನಿನಗೆ ಇಲ್ಲಿ ಇಳಿಯೋಕೆ ಜಾಗ ಇಲ್ಲ ಎಂದು ಗದರಿ ನುಂಗಿದಳು. ಪಕ್ಕದ ಕುರ್ಚಿಯ ಮುದುಕರೊಬ್ಬರು ಯಾರಿಗೆ ಬೈಯುತ್ತಿದ್ದಾಳೆ ಎಂದು ತಿರುಗಿ ನೋಡಿದರು. ನಲವತ್ತು ನಿಮಿಷ ಆಯಿತು. ಮತ್ತೆರಡು ತುತ್ತು. ಡಾಕ್ಟರು ಬೇರೆ ರೋಗಿಗಳನ್ನು ನೋಡಿಕೊಂಡು ಎರಡು ಸಲ ಬಂದುಹೋದಳು, ಮೂರನೇ ಸಲ ಬಂದವಳು ಹೋಗಲಿಲ್ಲ, ಕೈಕಟ್ಟಿ ಅಲ್ಲೇ ನಿಂತಳು. ಎಂಬತ್ತು ನಿಮಿಷ. ವಾಂತಿಗೆಂದು ತಂದಿಟ್ಟಿದ್ದ ಬೇಸಿನ್ನು ಒಣಗಿಯೇ ಇತ್ತು.

“ಹಾಕಿ,” ಎಂದಳು ಡಾಕ್ಟರು ನರ್ಸಿಗೆ. “ನಲವತ್ತನಾಲ್ಕು ಏಳುನೂರಕ್ಕೆ ಅಳೆಯಿರಿ. ಒಂದು ಹನಿ ಹೆಚ್ಚು ಬೇಡ.”

ಸೂಜಿ ಒಳಗೆ ಹೋಯಿತು. ಚೀಲದಿಂದ ಮೊದಲ ಹನಿ ಇಳಿಯುವುದನ್ನು ಎಕ್ಸ್‌ಪ್ರೆಸ್ಸಮ್ಮ ನೋಡಿದಳು, ಎರಡನೆಯದನ್ನೂ ನೋಡಿದಳು. ಇನ್ನೆರಡು ಮದ್ದು ಬಾಕಿ, ಅದಕ್ಕೆ ಮುಂಚೆ ಈ ನಾಲ್ಕು ದಿನ ಬಾಕಿ. ಸ್ವಲ್ಪ ಹೊತ್ತಿಗೆ ಹೊಟ್ಟೆಯ ತಳದಿಂದ ಅದು ಎದ್ದಿತು, ಯಾವತ್ತಿನಂತೆಯೇ, ಒಂದಿಷ್ಟೂ ಕಡಿಮೆಯಿಲ್ಲದೆ. ಅಕ್ಕ ಬೇಸಿನ್ ಹಿಡಿದು ಓಡಿ ಬಂದಳು. ಎಕ್ಸ್‌ಪ್ರೆಸ್ಸಮ್ಮ ಅದನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಸೂಜಿಯಿಲ್ಲದ ಕೈಯನ್ನು ಡಬ್ಬಿಗೆ ಹಾಕಿ, ಇನ್ನೊಂದು ತುತ್ತನ್ನು ಬಾಯಿಗಿಟ್ಟುಕೊಂಡು ಅಗಿಯತೊಡಗಿದಳು.